ಮೂವತ್ತೊಂದನೆಯ ಕೋಣೆ

"ಯಾವ ಕೋಣೆಯಲ್ಲಿ ನಿಮಗೆ ನಿದ್ದೆ ಬಂತು?"

ಪತ್ರಿಕೆಯ ಕಚೇರಿಗೆ ಬಂದು ಅವನು ಅವಳನ್ನು ಕೇಳಿದ್ದು ಹೀಗೆ. ಆದರೆ ಅದು ಅವನ ಎರಡನೆಯ ಮಾತು. ಮೊದಲು ಅವನು ಕಚೇರಿಯ ಬೀರುವಿನ ಬಾಗಿಲನ್ನು ಸರಿಮಾಡಬೇಕಾಯಿತು. ಕೈಯಲ್ಲಿ ಚೌಕುಳಿ ಗೆರೆಯ ನೋಟ್‌ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ ಇಟ್ಟುಕೊಂಡು ನಿಂತಿದ್ದವನನ್ನು ಅವಳು ಬಡಗಿ ಅಂದುಕೊಂಡಿದ್ದಳು. ತಲೆಯೆತ್ತದೆ, "ಆ ಕಡೆ ಬೀರು. ಬಾಗಿಲು ಹಾಕ್ಕೊಳ್ಳಲ್ಲ, ನೋಡಿ" ಅಂದಳು. ಅವನು "ಆಗಲಿ" ಎಂದು ಹೋದ. ಸಡಿಲವಾಗಿದ್ದ ತಿರುಪನ್ನು ಒಂದು ನಾಣ್ಯದಿಂದ ಬಿಗಿದು, ಬಾಗಿಲನ್ನು ಎರಡು ಸಲ ಹಾಕಿ ತೆಗೆದು, ಮೇಜಿನ ಹತ್ತಿರ ವಾಪಸ್ಸು ಬಂದು ನಿಂತ.

"ಬೀರು ಸರಿಯಾಯ್ತು. ಇನ್ನು ನನ್ನ ಆಟ. ಯಾವ ಕೋಣೆಯಲ್ಲಿ ನಿಮಗೆ ನಿದ್ದೆ ಬಂತು?"

ಆಗ ಅವಳಿಗೆ ನೆನಪಾಯಿತು. ಮೊಬೈಲಿನಲ್ಲಿ ಆಡುವ ಆಟಗಳನ್ನು ಆಡಿ ನೋಡಿ ವಿಮರ್ಶೆ ಬರೆಯುವುದು ಅವಳ ಕೆಲಸ. ಹೋದ ವಾರ ಒಂದು ಆಟದ ಬಗ್ಗೆ, ಇದು ಕೈಯಲ್ಲಿದ್ದರೆ ಹಾಸಿಗೆ ದಿಂಬು ಬೇಡ ಎಂದು ಬರೆದಿದ್ದಳು. ಅದನ್ನು ಮಾಡಿದ ಪುಣ್ಯಾತ್ಮ ಇವನೇ.

ಜಗಳಕ್ಕೆ ಬಂದಿದ್ದಾನೆಂದು ಅವಳು ಸೊಂಟ ಕಟ್ಟಿದಳು. "ಹನ್ನೆರಡನೇ ಕೋಣೆ."

"ಹದಿಮೂರು ಇರಬೇಕು ಅಂದ್ಕೊಂಡಿದ್ದೆ."

"ಇಲ್ಲ, ಹನ್ನೆರಡು. ಹದಿಮೂರರಲ್ಲಿ ಗೊರಕೆ."

ಅವನು ಅದನ್ನೂ ಬರೆದುಕೊಂಡ. ಬರೆದು ಮುಗಿಸಿದ ಮೇಲೆ ನಕ್ಕ. ತಡವಾಗಿ ಹೊರಡುವ ನಗು ಅದು. ತುಟಿಗೆ ಬರುವ ಮೊದಲು ಕಣ್ಣಿನಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಬಂದಂತಿತ್ತು. ಆವತ್ತು ಸಂಜೆ ಅವಳು ಮನೆಯಲ್ಲಿ ಜೊತೆಗಿದ್ದ ಚಿಕ್ಕಮ್ಮನಿಗೆ ಬೀರುವಿನ ಕಥೆ ಹೇಳಿದಳು. ನಗುವಿನ ಕಥೆ ಹೇಳಲಿಲ್ಲ.

ಕಚೇರಿಯಲ್ಲಿ ಎಲ್ಲರೂ ಅವಳನ್ನು ಅವಸರದಮ್ಮ ಎಂದೇ ಕರೆಯುತ್ತಿದ್ದರು. ವಾರಕ್ಕೆ ಮೂರು ಆಟ ಆಡಿ ಮೂರು ವಿಮರ್ಶೆ ಬರೆಯಬೇಕಾದವಳು ಕಾಲಿಗೆ ಚಕ್ರ ಕಟ್ಟಿಕೊಳ್ಳದೆ ಏನು ಮಾಡುತ್ತಾಳೆ? ಲಿಫ್ಟು ಬರುವವರೆಗೂ ಅದರ ಗುಂಡಿ ಒತ್ತುತ್ತಿದ್ದಳು. ಚಹಾವನ್ನು ನಾಲಿಗೆ ಸುಟ್ಟುಕೊಂಡೇ ಕುಡಿಯುತ್ತಿದ್ದಳು. ಅವನು ಮಾತ್ರ ಅವಳ ಬಾಯಿಂದಲೇ ಆ ಹೆಸರು ಕೇಳಿ ತಿಳಿದುಕೊಂಡು, "ಅವಸರದಮ್ಮನವರೇ" ಎಂದು ಬಹುವಚನ ಸೇರಿಸಿ ಕರೆದ. ಮುಂದಿನ ಆಟ ಸಿದ್ಧವಾಗುತ್ತಿದೆ, ಶನಿವಾರ ಬಂದು ಆಡಿ ನೋಡಿ, ಎಲ್ಲಿ ನಿದ್ದೆ ಬರುತ್ತದೋ ಹೇಳಿ ಎಂದು ಕೇಳಿಕೊಂಡ.

ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯ ಮೇಲಿನ ಒಂದು ಕೋಣೆ ಅವನ ಕೆಲಸದ ಜಾಗ. ಕೆಳಗಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಮೂಲೆಯಲ್ಲಿ ಆಟಕ್ಕೆ ಸಂಗೀತ ಕೂಡಿಸುವ ಹುಡುಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತನ್ನ ಲೋಕದಲ್ಲಿ ತಾನಿರುತ್ತಿದ್ದಳು. ಹೊಸ ಆಟದ ಹೆಸರು 'ತಲೆಕೆಳಗು'. ಕೈಯಲ್ಲಿ ದೀಪ ಹಿಡಿದ ಪುಟ್ಟ ಗೊಂಬೆಯೊಂದು ಕೋಣೆಯಿಂದ ಕೋಣೆಗೆ ಓಡುತ್ತದೆ. ಪರದೆಯನ್ನು ಬೆರಳಿನಿಂದ ಮುಟ್ಟಿದರೆ ಭೂಮಿಯ ಸೆಳೆತವೇ ಮಗುಚಿ, ನೆಲ ಚಾವಣಿಯಾಗಿ, ಗೊಂಬೆ ಮೇಲಕ್ಕೆ ಬೀಳುತ್ತದೆ. ಇನ್ನೊಮ್ಮೆ ಮುಟ್ಟಿದರೆ ಕೆಳಕ್ಕೆ. ಹಳ್ಳ, ಮುಳ್ಳು, ತಿರುಗುವ ಗರಗಸ ತಪ್ಪಿಸಿಕೊಂಡು ಬಾಗಿಲು ಸೇರಬೇಕು.

ಅವರ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಆಟವನ್ನು ಪರೀಕ್ಷೆ ಮಾಡಿಸುವಾಗ ಮಾಡಿದವನು ಆಡುವವರ ಬೆನ್ನ ಹಿಂದೆ ಕೂರಬೇಕು. ತುಟಿ ಪಿಟಕ್ ಅನ್ನಬಾರದು. ಬೆರಳು ಎಲ್ಲಿ ತಡೆಯಿತು, ಹುಬ್ಬು ಎಲ್ಲಿ ಗಂಟಿಕ್ಕಿತು ಎಂದು ಬರೆದುಕೊಳ್ಳಬೇಕು, ಅಷ್ಟೆ. ಹೇಳಿಕೊಟ್ಟರೆ ಆಟ ಕೆಟ್ಟ ಹಾಗೆ. ಅವನಂತೂ ಮೊದಲೇ ಮಾತು ಕಡಿಮೆಯವನು, ಈ ನಿಯಮ ಅವನಿಗೆಂದೇ ಹೊಲಿಸಿದ ಅಂಗಿಯಂತಿತ್ತು.

"ಎಡಗಡೆನಾ?" ಎಂದು ಅವಳು ಕೇಳುವಳು.

ಹಿಂದೆ ಅವನ ಪೆನ್ಸಿಲ್ ನಿಲ್ಲುವುದು.

"ಉಗುಳು ನುಂಗಿದ್ದು ಕೇಳಿಸ್ತು. ಹಾಗಾದ್ರೆ ಎಡಗಡೆ ಅಲ್ಲ."

"ಉಗುಳು ನುಂಗೋದೂ ನಿಯಮಕ್ಕೆ ವಿರುದ್ಧ. ಕ್ಷಮಿಸಿ."

ಒಂದು ಕೋಣೆ ಮುಗಿದು ಇನ್ನೊಂದು ಶುರುವಾಗುವ ಮುನ್ನ ಪರದೆ ಅರೆಕ್ಷಣ ಕಪ್ಪಾಗುತ್ತಿತ್ತು. ಆ ಕಪ್ಪಿನಲ್ಲಿ ಎರಡು ಮುಖ ಮೂಡುತ್ತಿದ್ದವು, ಅವಳದು, ಅವಳ ಭುಜದ ಮೇಲೆ ಅವನದು. ಅವನು ಪುಸ್ತಕ ನೋಡುತ್ತಿರಲಿಲ್ಲ. ಅವಳು ಬಾಗಿಲು ಹುಡುಕುತ್ತಿರಲಿಲ್ಲ. ಕಣ್ಣಿಗೆ ಕಣ್ಣು ಸೇರಿತು ಅನ್ನುವಷ್ಟರಲ್ಲಿ ಮುಂದಿನ ಕೋಣೆಯ ಬೆಳಕು ಬಂದು ಇಬ್ಬರನ್ನೂ ಅಳಿಸಿಬಿಡುತ್ತಿತ್ತು.

ಮೂರನೆಯ ಶನಿವಾರ ಅವಳು ಅಂದಳು, "ನಡುವೆ ಬರೋ ಕತ್ತಲು ಜಾಸ್ತಿ ಆಗ್ತಾ ಇದೆ."

"ಫೋನು ಹಳೇದು."

"ಹೋದ ವಾರವೂ ಇದೇ ಫೋನು."

ಅವನ ಕಿವಿ ಕೆಂಪಾದದ್ದು ಕಪ್ಪು ಪರದೆಯಲ್ಲಿ ಕಾಣಲಿಲ್ಲ. ಆದರೂ ಅವಳಿಗೆ ಗೊತ್ತಾಯಿತು. ಮುಂದಿನ ವಾರ ಆ ಕತ್ತಲು ಇನ್ನೂ ಅರೆಕ್ಷಣ ಬೆಳೆದಿತ್ತು. ಅವಳು ಅದರ ಬಗ್ಗೆ ಮತ್ತೆ ದೂರು ಹೇಳಲಿಲ್ಲ.

ಹೀಗೆ ಮೂರು ತಿಂಗಳು. ಇಂದು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಅವಳು ಕಾದಳು. ಕಾಯುವುದೆಂದರೆ ಅವಳ ಮಟ್ಟಿಗೆ ಕೆಂಡದ ಮೇಲೆ ಕೂತ ಹಾಗೆ.

"ಬಾಯಿ ಬಿಟ್ರೆ ಮುತ್ತು ಉದುರಿ ಹೋಗುತ್ತೆ ಅಂದ್ಕೊಂಡಿದಾನೆ, ಚಿಕ್ಕಮ್ಮ."

"ನೀನೇ ಹೇಳು, ಹಂಗಾದ್ರೆ."

"ನಾನ್ಯಾಕೆ ಹೇಳ್ಲಿ? ನನಗೇನು ದಾರಿದ್ರ್ಯ?"

ಆಟ ಇನ್ನೇನು ಮುಗಿಯಿತು ಅನ್ನುವಾಗ ಒಂದು ಶನಿವಾರ ಅವನು ಅವಳನ್ನು ಮೆಟ್ಟಿಲವರೆಗೆ ಕಳಿಸಲು ಬಂದ. "ಕೊನೇ ಹತ್ತು ಕೋಣೆ ನಿಮಗೆ ತೋರಿಸಿಲ್ಲ. ವಿಮರ್ಶೆ ಬರೆಯೋವಾಗಲೇ ನೋಡಿ. ಮೂವತ್ತೊಂದರಲ್ಲಿ ಮಾತ್ರ..."

"ಮೂವತ್ತೊಂದರಲ್ಲಿ?"

"ಹೇಳೋ ಹಾಗಿಲ್ಲ."

ಇತ್ತ ಸಂಪಾದಕರದೂ ಒಂದು ನಿಯಮ. ಪರೀಕ್ಷೆಗೆ ಹೋಗಿದ್ದೆ ಎಂದು ವಿಮರ್ಶೆಯ ಕೆಳಗೆ ಬರಿ, ಆದರೆ ಬರೆದು ಮುಗಿಯುವವರೆಗೆ ಅವನ ಜೊತೆ ಮಾತು ಬೇಡ ಎಂದುಬಿಟ್ಟರು. ಅವನು ಹೇಳುವ ಹಾಗಿಲ್ಲ, ಅವಳು ಕೇಳುವ ಹಾಗಿಲ್ಲ.

ಅವಳು ಆಡಿದಳು. ಮೂವತ್ತು ಕೋಣೆ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿದಳು. ಮೂವತ್ತೊಂದರಲ್ಲಿ ಮುಳ್ಳಿಲ್ಲ, ಹಳ್ಳವಿಲ್ಲ, ಬಾಗಿಲೂ ಇಲ್ಲ. ನಾಲ್ಕು ಗೋಡೆ, ನಡುವೆ ದೀಪ ಹಿಡಿದು ನಿಂತ ಗೊಂಬೆ. ಮುಟ್ಟಿದಳು, ಮೇಲೆ ಬಿತ್ತು. ಮುಟ್ಟಿದಳು, ಕೆಳಗೆ ಬಿತ್ತು. ನೂರು ಸಲ, ಇನ್ನೂರು ಸಲ. ಬೆರಳು ನೋಯತೊಡಗಿತು. ಬಿಡುಗಡೆಯ ದಿನವೇ ವಿಮರ್ಶೆ ಹೋಗಬೇಕು, ಸಂಪಾದಕರು ಎರಡು ಸಲ ಇಣುಕಿ ಹೋಗಿದ್ದರು. ವಿಮರ್ಶಕರಿಗೆಂದು ಆಟದ ಜೊತೆ ಒಂದು ಅಂಕಿ ಕೊಟ್ಟಿರುತ್ತಾರೆ, ಅದನ್ನು ಹಾಕಿದರೆ ಯಾವ ಕೋಣೆಯನ್ನಾದರೂ ಆಡದೆ ದಾಟಬಹುದು. ಅವಳು ಆ ಅಂಕಿ ಹಾಕಿ ಮೂವತ್ತೆರಡಕ್ಕೆ ಹೋದಳು.

ಬಾಗಿಲು ಸಿಗಲಿಲ್ಲ ಎಂದು ಬರೆಯಬಹುದಿತ್ತು. ಬರೆಯಲು ಮರ್ಯಾದೆ ಅಡ್ಡ ಬಂತು. ಬಾಗಿಲು ಕಾಣದ ವಿಮರ್ಶಕಿಯನ್ನು ಯಾರು ಓದುತ್ತಾರೆ? ಆಟವನ್ನು ಬಾಯ್ತುಂಬ ಹೊಗಳಿ, ಕೊನೆಯಲ್ಲಿ ಹೀಗೆ ಬರೆದಳು: "ಮೂವತ್ತೊಂದನೆಯ ಕೋಣೆ ಮಾತ್ರ ಬೇಕಿರಲಿಲ್ಲ. ಆಡುವವರಿಂದ ಅದು ಕೇಳುವುದು ಅತಿಯಾಯಿತು. ಮಾಡಿದವರು ಅದನ್ನು ತೆಗೆದುಹಾಕುವುದು ಒಳ್ಳೆಯದು."

ಮಾರನೆಯ ದಿನ ಅವನಿಂದ ಸಂದೇಶ ಬಂತು. "ವಿಮರ್ಶೆ ಓದಿದೆ. ಆ ಕೋಣೆ ತೆಗೆದಿದ್ದೇನೆ. ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ."

"ಒಳ್ಳೆ ಕೆಲಸ ಮಾಡಿದ್ರಿ" ಎಂದು ಅವಳು ಉತ್ತರ ಹಾಕಿದಳು.

ಆಮೇಲೆ ಅವನು ಶನಿವಾರಕ್ಕೆ ಕರೆಯಲಿಲ್ಲ. ಫೋನೂ ಮಾಡಲಿಲ್ಲ. ವಿಮರ್ಶೆ ಬೇಕಿತ್ತು, ಸಿಕ್ಕಿತು, ಕೆಲಸ ಮುಗಿಯಿತು ಎಂದು ಅವಳು ಅಂದುಕೊಂಡಳು. ಅಂದುಕೊಂಡು ಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ಎಂಟು ತಿಂಗಳು ಕಳೆಯಿತು. ಯಾವ ಆಟ ಆಡಿದರೂ ಪರದೆ ಕಪ್ಪಾದಾಗ ಒಂದೇ ಮುಖ ಕಾಣುತ್ತಿತ್ತು.

ಆ ಸಮಯದಲ್ಲಿ ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಹೆಂಗಸು. ಕಾಯುವುದೇ ಅವಳ ಉಸಿರು. ಬೇಜಾರಿಗೆಂದು ಫೋನು ತೆಗೆದು, ಬಿಡುಗಡೆಯ ದಿನ ಇವಳ ಒತ್ತಾಯಕ್ಕೆ ಹಾಕಿಸಿಕೊಂಡು ಮುಟ್ಟದೆ ಬಿಟ್ಟಿದ್ದ 'ತಲೆಕೆಳಗು' ಆಟವನ್ನು ಎಡಗೈ ಹೆಬ್ಬೆರಳಿನಲ್ಲಿ ಆಡತೊಡಗಿದಳು. ಅಪ್‌ಡೇಟ್ ಮಾಡಲೇ ಎಂದು ಫೋನು ಕೇಳಿದಾಗಲೆಲ್ಲ ಬೇಡ ಎಂದು ಒತ್ತುವುದು ಅವಳ ಅಭ್ಯಾಸ. ಹಾಗಾಗಿ ಆಟ ಹೇಗೆ ಬಂದಿತ್ತೋ ಹಾಗೇ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳು ಬಟ್ಟೆ ಮಡಿಸುತ್ತಿದ್ದಾಗ ಚಿಕ್ಕಮ್ಮ ಕೂಗಿದಳು. "ಲೇ, ಇದರೊಳಗೆ ನಿನ್ನ ಹೆಸರು ಬಂತಲ್ಲೇ."

"ನನ್ನ ಹೆಸರು ಯಾಕೆ ಬರುತ್ತೆ?"

"ಅವಸರದಮ್ಮನವರೇ ಅಂತ ಬರೆದಿದೆ. ಊರಿಗೆ ಇನ್ನೆಷ್ಟು ಜನ ಇದಾರೆ ಅವಸರದಮ್ಮಂದಿರು? ಬಾಗಿಲಿಲ್ಲದ ಕೋಣೆ ಬಂತು. ಹಾಳಾಗ್ಲಿ ಅಂತ ಕೆಳಗಿಟ್ಟು ಚಹಾ ಕುಡೀತಿದ್ದೆ. ನೋಡ್ತೀನಿ, ತಾನಾಗೇ ತೆರ್ಕೊಂಡಿದೆ."

ಅವಳು ಬಟ್ಟೆ ಅಲ್ಲೇ ಬಿಟ್ಟು ಬಂದಳು. "ಮತ್ತೆ ಮೊದಲಿಂದ ಹಾಕಿ, ಚಿಕ್ಕಮ್ಮ."

"ಹಾಕ್ತೀನಿ. ನಿನ್ನ ಕೈ ಮಾತ್ರ ದೂರ ಇಟ್ಕೋ."

ಫೋನನ್ನು ಮೇಜಿನ ಮೇಲಿಟ್ಟು ಇಬ್ಬರೂ ನೋಡುತ್ತ ಕೂತರು. ಗೊಂಬೆ ನಿಂತಿತ್ತು. ಒಂದು ನಿಮಿಷವಾಗುತ್ತ ಬಂತು. ನಿಧಾನವಾಗಿ ಅದರ ಕಾಲು ನೆಲದಿಂದ ಎದ್ದಿತು. ಮೇಲಕ್ಕೂ ಬೀಳದೆ, ಕೆಳಕ್ಕೂ ಬೀಳದೆ, ಗಾಳಿಯಲ್ಲಿ ಹತ್ತಿಯ ಹಾಗೆ ನಡುವೆ ಬಂದು ನಿಂತಿತು. ದೀಪದ ಬೆಳಕು ಅಗಲವಾಗಿ ಗೋಡೆಯ ಮೇಲೆ ಅಕ್ಷರ ಮೂಡಿತು.

"ಅವಸರದಮ್ಮನವರೇ, ನೀವು ಒಂದು ನಿಮಿಷ ಸುಮ್ಮನೆ ನಿಂತಿದ್ದೀರಿ. ನನಗೆ ಅಷ್ಟು ಧೈರ್ಯ ಸಾಕು. ನಿಮ್ಮ ಜೊತೆ ಬಾಳಬೇಕು ಅಂತ ಆಸೆ. ಒಪ್ಪಿಗೆ ಇಲ್ಲದಿದ್ದರೆ ಬೇರೇನೂ ಹೇಳಬೇಡಿ, ಈ ಕೋಣೆ ತೆಗೆಯಿರಿ ಅನ್ನಿ, ತೆಗೆದುಬಿಡುತ್ತೇನೆ."

ಅಕ್ಷರದ ಕೆಳಗೆ ಬಾಗಿಲು ತೆರೆಯಿತು. ಒಂದು ಬೆರಳು ಮುಟ್ಟಿದರೂ ಆ ನಿಮಿಷ ಮತ್ತೆ ಮೊದಲಿನಿಂದ ಎಣಿಸಬೇಕಿತ್ತು. ಅವಳು ಮುಟ್ಟಿದ್ದು ಇನ್ನೂರು ಸಲ.

ಚಿಕ್ಕಮ್ಮ ಓದಿದಳು, ತಲೆಯೆತ್ತಿ ಅವಳ ಮುಖ ನೋಡಿದಳು. "ಏನು ಹೇಳಿದ್ದೆ ನೀನು?"

"ತೆಗೆಯಿರಿ ಅಂದೆ. ಪತ್ರಿಕೇಲಿ ಅಚ್ಚು ಹಾಕಿಸಿ ಅಂದೆ."

ಮಧ್ಯಾಹ್ನವೇ ಅವಳು ಹೋದಳು. ಚೌಕಟ್ಟಿನ ಅಂಗಡಿಯ ಸುತ್ತಿಗೆ ಹಾಗೇ ಬಡಿಯುತ್ತಿತ್ತು. ಅವನು ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದು ನಿಂತ, ಕೂರಲು ಹೇಳುವುದು ಮರೆತ.

"ನಾನು ಆ ಕೋಣೆ ಆಡಿ ಮುಗಿಸಲೇ ಇಲ್ಲ" ಎಂದಳು ಅವಳು. "ಅಂಕಿ ಹಾಕಿ ದಾಟಿಬಿಟ್ಟೆ. ಬಾಗಿಲು ಸಿಗಲಿಲ್ಲ ಅಂತ ಬರೆಯೋಕೆ ನಾಚಿಕೆ ಆಯ್ತು. ಇವತ್ತು ಬೆಳಿಗ್ಗೆ ಚಿಕ್ಕಮ್ಮನ ಫೋನಲ್ಲಿ ಓದಿದೆ."

ಅವನು ತನ್ನ ಕಂಪ್ಯೂಟರಿನ ಕಡೆ ಕೈ ತೋರಿಸಿದ. "ನೀವು ಮೂವತ್ತೆರಡಕ್ಕೆ ಹೋಗಿದ್ದು ನನಗೆ ಇಲ್ಲಿ ಕಾಣಿಸ್ತು. ಓದಿಯೇ ಹೋಗಿದೀರಿ ಅಂದ್ಕೊಂಡೆ. ಆಮೇಲೆ ಒಳ್ಳೆ ಕೆಲಸ ಮಾಡಿದ್ರಿ ಅಂತ ಬೇರೆ ಬರೆದ್ರಿ."

"ಒಂದು ಸಲ ಬಾಯಿ ಬಿಟ್ಟು ಕೇಳಬಾರದಿತ್ತಾ?"

"ಕೇಳಬೇಕಿತ್ತು. ಎಷ್ಟು ಸಲ ನಿಮ್ಮ ಬೀದಿವರೆಗೆ ಬಂದು ವಾಪಸ್ಸು ಹೋದೆ ಅಂತ ಲೆಕ್ಕ ಇಟ್ಟಿಲ್ಲ. ಬೇಡ ಅಂದವರ ಮನೆ ಬಾಗಿಲಲ್ಲಿ ನಿಲ್ಲಬಾರದು ಅಂತ..."

"ನಾನು ಬೇಡ ಅಂದಿರಲಿಲ್ಲ. ಮೊದಲನೇ ದಿನದಿಂದಲೂ ಬೇಡ ಅಂದಿರಲಿಲ್ಲ."

ಅವನು ಕಿಟಕಿಯ ಕಡೆ ತಿರುಗಿದ. ಆಗ ಅವಳು ಕಂಡದ್ದು ಮೇಜಿನ ಮೇಲಿನ ಕಾಗದದ ಕಟ್ಟು. ಮದುವೆಯ ಕರೆಯೋಲೆಗಳು. ಅರ್ಧಕ್ಕೆ ವಿಳಾಸ ಬರೆದಾಗಿತ್ತು, ದುಂಡನೆಯ ಹೆಣ್ಣು ಕೈಬರಹ. ಮೂಲೆಯಲ್ಲಿ ಹೆಡ್‌ಫೋನ್ ಮಾತ್ರ ಇತ್ತು.

"ಸಂಗೀತದವರಾ?"

"ಹೂಂ. ಮುಂದಿನ ತಿಂಗಳು. ಆ ಕೋಣೆ ತೆಗೆದ ದಿನ ನಾನು ಊಟ ಮಾಡಿರಲಿಲ್ಲ. ಅವಳು ಏನೂ ಕೇಳದೆ ಪಕ್ಕದಲ್ಲಿ ಕೂತಿದ್ಲು." ಕಿಟಕಿಯಿಂದ ಇತ್ತ ತಿರುಗಿ, "ನಾನೀಗ ಏನು ಮಾಡ್ಲಿ, ಹೇಳಿ. ನೀವು ಹೇಳಿದ ಹಾಗೆ ಮಾಡ್ತೀನಿ" ಅಂದ.

ಒಂದು ಮಾತು ಸಾಕಿತ್ತು. ಅದು ಅವಳ ನಾಲಿಗೆಯ ತುದಿಗೆ ಬಂದಿತ್ತು, ಎಂಟು ತಿಂಗಳಿನಿಂದ ಅಲ್ಲೇ ಇತ್ತು. ಆದರೆ ಈ ದುಂಡು ಅಕ್ಷರಗಳನ್ನು ಬರೆದವಳು ಯಾವ ನಿಯಮವನ್ನೂ ಮುರಿದಿರಲಿಲ್ಲ, ಯಾವ ಸುಳ್ಳನ್ನೂ ಬರೆದಿರಲಿಲ್ಲ. ತಪ್ಪು ಮಾಡಿದವರು ಇಬ್ಬರು. ಮೂರನೆಯವಳು ಅದಕ್ಕೆ ಯಾಕೆ ಅಳಬೇಕು?

"ಉಳಿದ ವಿಳಾಸ ಬರೀರಿ" ಅಂದಳು. "ಹೆಂಡತಿಗೆ ಮಾತ್ರ ಗೋಡೆ ಮೇಲೆ ಬರೆದು ತಿಳಿಸಬೇಡಿ. ಬಾಯಲ್ಲಿ ಹೇಳಿ."

ಅವನು ನಗಲು ನೋಡಿದ, ಆಗಲಿಲ್ಲ. ಕಣ್ಣಲ್ಲಿ ಬಂದದ್ದು ಬೇರೆ.

ಮೆಟ್ಟಿಲಿನ ತಿರುವಿನಲ್ಲಿ ಸಂಗೀತದ ಹುಡುಗಿ ಎದುರಾದಳು, ಕೈಯಲ್ಲಿ ಅಂಚೆ ಚೀಟಿಗಳ ಹಾಳೆ. "ಅಕ್ಕ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ. ಇಷ್ಟು ಬೇಗ ಹೊರಟ್ರಾ? ಏನು ಬಂದಿದ್ದು?"

"ಹಳೇ ವಿಮರ್ಶೇಲಿ ಒಂದು ತಪ್ಪಾಗಿತ್ತು. ಹೇಳಿ ಹೋಗೋಣ ಅಂತ."

"ಅಷ್ಟಕ್ಕೆ ಇಷ್ಟು ದೂರ ಬಂದ್ರಾ? ಮದುವೆಗೆ ತಪ್ಪಿಸಬೇಡಿ, ಚಿಕ್ಕಮ್ಮನನ್ನೂ ಕರ್ಕೊಂಡು ಬನ್ನಿ."

"ಆಗಲಿ, ತಾಯಿ" ಎಂದು ಅವಳು ಆ ಹುಡುಗಿಯ ಕೆನ್ನೆ ಮುಟ್ಟಿ ಕೆಳಗಿಳಿದಳು.

ಬಸ್ಸಿನ ನಿಲ್ದಾಣದವರೆಗೂ ನೆಟ್ಟಗೆ ನಡೆದಳು. ಬೆಂಚಿನ ಮೇಲೆ ಕೂತ ಮೇಲೆ ಮಾತ್ರ ತಡೆಯಲಾಗಲಿಲ್ಲ. ಹಾಡುಹಗಲಲ್ಲಿ, ನಾಲ್ಕು ಜನರ ನಡುವೆ, ಮೊಣಕಾಲಿಗೆ ಹಣೆ ಹಚ್ಚಿ ಬಿಕ್ಕಿದಳು. ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ತನ್ನ ತರಕಾರಿ ಚೀಲವನ್ನು ಆಚೆ ಸರಿಸಿ ಹತ್ತಿರ ಬಂದಳು. ಏನಮ್ಮ, ಯಾಕಮ್ಮ ಎಂದು ಕೇಳಲಿಲ್ಲ. ಬೀದಿಯ ಕಡೆಗೆ ಬೆನ್ನು ತಿರುಗಿಸಿ, ಹೋಗಿ ಬರುವವರಿಗೆ ಅವಳು ಕಾಣದ ಹಾಗೆ ಅಡ್ಡವಾಗಿ ಕೂತಳು. ತನ್ನ ಬಸ್ಸು ಬಂದು ನಿಂತರೂ ಏಳಲಿಲ್ಲ.