ನಾಗರತ್ನಾಳ ಬಣ್ಣದ ಪರೀಕ್ಷೆ

"ಎಂಟು, ಒಂಬತ್ತು, ಹತ್ತು."

ನಾಗರತ್ನಾ ತಿಕ್ಕುವುದನ್ನು ನಿಲ್ಲಿಸಿ, ಬೆರಳಿಗೆ ಸುತ್ತಿದ್ದ ಒದ್ದೆ ಬಿಳಿ ಕರವಸ್ತ್ರವನ್ನು ಬಿಚ್ಚಿದಳು. ಅದರ ಮೇಲೆ ಕೆಂಪು ಕಲೆ.

"ಈ ಖಣ ಬಣ್ಣ ಬಿಡ್ತೈತಿ ನೋಡ್ರಿ. ಫೇಲ್," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮಿಶ್ರಿಕೋಟಿಯ ಸಂತೆಯಲ್ಲಿ ರಹೀಮಾಬಿ ಕುಪ್ಪಸ ಹೊಲಿಸುವ ಖಣದ ಬಟ್ಟೆ ಹಾಸಿಕೊಂಡು ಕೂತಿದ್ದರು. ಖಣ ಆರಿಸುತ್ತಿದ್ದ ನಾಲ್ಕು ಹೆಂಗಸರು ಮುಖ ಮುಖ ನೋಡಿಕೊಂಡು ಎದ್ದರು. ರಹೀಮಾಬಿ ಖಣಗಳನ್ನು ಮತ್ತೆ ಮಡಚತೊಡಗಿದರು.

ಶಾಲೆಯಲ್ಲಿ ಟೀಚರ್ ಈ ಪರೀಕ್ಷೆ ಕಲಿಸಿ ಎರಡೇ ದಿನವಾಗಿತ್ತು. ಒದ್ದೆ ಬಿಳಿ ಬಟ್ಟೆಯಿಂದ ಹತ್ತು ಸಲ ತಿಕ್ಕಬೇಕು. ಬಣ್ಣ ಹತ್ತಿದರೆ ಅದು ಗಟ್ಟಿ ಬಣ್ಣವಲ್ಲ. ಅಂದಿನಿಂದ ನಾಗರತ್ನಾ ಊರಿಗೇ ಇನ್ಸ್‌ಪೆಕ್ಟರ್. ಮಲಗಿದ್ದ ಕಾಕಾನ ಲುಂಗಿಯನ್ನೂ ಬಿಟ್ಟಿರಲಿಲ್ಲ. ಕಾಕಾ ಹಲ್ಲಿ ಬಿತ್ತೆಂದು ಎದ್ದು ಕುಣಿದಿದ್ದ.

ಮನೆಗೆ ಬಂದವಳೇ ಕರವಸ್ತ್ರವನ್ನು ಕಟ್ಟೆಯ ಮೇಲೆ ಹರವಿ, ಅಜ್ಜಿ ಸಾವಂತ್ರೆವ್ವನಿಗೆ ತನ್ನ ಪ್ರತಾಪ ಹೇಳತೊಡಗಿದಳು. ಅಜ್ಜಿ ಕಲೆಯನ್ನೇ ನೋಡುತ್ತಿದ್ದಳು. ಅದರ ಸುತ್ತ ಇರುವೆ ಮುತ್ತಿದ್ದವು.

"ಬಟ್ಟಿ ಬಣ್ಣಕ್ಕ ಇರವಿ ಮುತ್ತತಾವೇನಬೇ? ಸಂತ್ಯಾಗ ಏನ್ ತಿಂದಿ?"

"ಐಸ್ ಕ್ಯಾಂಡಿ."

"ಯಾವ ಬಣ್ಣದ್ದು?"

ನಾಗರತ್ನಾ ತನ್ನ ಬೆರಳು ನೋಡಿಕೊಂಡಳು. ಐದೂ ಕೆಂಪಗೆ ಅಂಟಂಟಾಗಿದ್ದವು. ಇನ್ಸ್‌ಪೆಕ್ಟರ್ ಪರೀಕ್ಷೆ ಮಾಡಿದ್ದು ತನ್ನ ಬೆರಳನ್ನೇ. ಫೇಲಾಗಿದ್ದೂ ತಾನೇ.

ಸಾಬೂನು ಹಚ್ಚಿ ಕೈ ತೊಳೆದು, ಬೇರೆ ಕರವಸ್ತ್ರ ಹಿಡಿದು ಸಂತೆಗೆ ಹೋದಳು. ಹೋಗುವಾಗ ಓಡಿದ ಕಾಲು ರಹೀಮಾಬಿಯವರು ಕಂಡೊಡನೆ ನಿಧಾನವಾಯಿತು. ಅಲ್ಲಿ ಈಗ ಗಿರಾಕಿಗಳೇ ಇರಲಿಲ್ಲ.

ಅದೇ ಖಣವನ್ನು ಹತ್ತು ಸಲ ತಿಕ್ಕಿದಳು. ಕರವಸ್ತ್ರ ಬೆಳ್ಳಗೇ ಇತ್ತು.

"ಚಾಚಿ, ತಪ್ಪು ನಂದರಿ," ಎಂದಳು. "ಅದು ನನ್ನ ಐಸ್ ಕ್ಯಾಂಡಿ ಬಣ್ಣ."

"ಏನಂದಿ ಬೇಟಿ? ಆಗ ಅಷ್ಟ ಜೋರ ಹೇಳಿದ್ದಿ. ಈಗ ಕೇಳಸವಲ್ದು."

ನಾಗರತ್ನಾ ಎಲ್ಲರಿಗೂ ಕೇಳುವಂತೆ ಮತ್ತೆ ಹೇಳಿದಳು. ಬಾಜೂಕಿನ ಮೆಣಸಿನಕಾಯಿಯವನು ನಕ್ಕ. ಅವಳಿಗೂ ನಗು ಬಂತು. ರಹೀಮಾಬಿ ಮಾತ್ರ ನಗಲಿಲ್ಲ.

"ನನಗ ಹೇಳಿದಿ, ಚಲೋ ಆತು," ಎಂದರು. "ಎದ್ದು ಹೋದವ್ರು?"

ನಾಗರತ್ನಾ ಸಂತೆಯ ತುಂಬ ಕಣ್ಣಾಡಿಸಿದಳು. ನಾಲ್ವರಲ್ಲಿ ಇಬ್ಬರು ದೂರದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಇನ್ನಿಬ್ಬರು ಯಾವ ಊರಿನವರೋ, ಈಗಾಗಲೇ ಯಾರ ಯಾರಿಗೆ ಹೇಳಿದ್ದಾರೋ.

ಕಲಘಟಗಿಯ ಬಸ್ಸು ತಿರುವಿನಲ್ಲಿ ಕಾಣಿಸಿತು.

"ಅಕ್ಕಾರ, ನಿಲ್ರಿ," ಎನ್ನುತ್ತ ಅವಳು ಓಡಿದಳು.