ಕೀಬೋರ್ಡಿನ ಜಾಗದಲ್ಲಿ ಬೇವಿನ ಎಸಳು

ಶನಿವಾರ ಮಧ್ಯಾಹ್ನ ಕ್ಲಬ್ಬಿನ ಕೋಣೆ ತೆಗೆದಾಗ ಕಂಪ್ಯೂಟರ್ ಇತ್ತು, ಮೌಸ್ ಇತ್ತು. ಕೀಬೋರ್ಡ್ ಇರಲಿಲ್ಲ.

ಸುರಪುರದ ನಮ್ಮ ಕಾಲೇಜಿನ ಕಂಪ್ಯೂಟರ್ ಕ್ಲಬ್ಬಿಗೆ ಇದ್ದದ್ದೇ ಆ ಒಂದು ಯಂತ್ರ. ಸದಸ್ಯರು ಮೂವತ್ತು, ಸಭೆಗೆ ಬರುವವರು ಐದಾರು. ಇವತ್ತೂ ಮಂದಿ ಸೇರದಿದ್ದರೆ ಕ್ಲಬ್ ಮುಚ್ಚುವುದಾಗಿ ಪ್ರಿನ್ಸಿಪಾಲರು ಹೇಳಿಬಿಟ್ಟಿದ್ದರು. ಅಂಥ ದಿನವೇ ಈ ಕಳವು!

ಮೇಜಿನ ಮೇಲೆ ಬೇವಿನ ಎಸಳೊಂದು ಬಿದ್ದಿತ್ತು. ಹೊರಗೆಸೆಯೋಣವೆಂದರೆ ಕಿಟಕಿ ಮುಚ್ಚಿತ್ತು. ಕಸದ ಬುಟ್ಟಿಗೆ ಹಾಕಿದೆ. ನಾನು ಕನ್ನಡ ಪಾಠ ಹೇಳುವವನು, ಬಸವಂತ್ರಾಯ. ಕಂಪ್ಯೂಟರಿಗೆ ದೂರದಿಂದಲೇ ನಮಸ್ಕಾರ. ಕ್ಲಬ್ಬಿನ ಹೊಣೆ ಗಣಿತದ ಅಮೃತಮ್ಮನವರದು.

"ಬೀಗ ಮುರಿದಿಲ್ಲ, ಕೀಲಿ ಜವಾನ ಹುಲಗಪ್ಪನ ಹತ್ರ. ಇನ್ನೇನ್ ಬೇಕ್ರಿ ಮೇಡಮ್?" ಎಂದೆ.

ಅವರು ಹುಲಗಪ್ಪನನ್ನು ಕರೆಸಿದರು.

"ನೀವ್ ತಗೊಂಡೀರೇನ್ರಿ?"

"ಇಲ್ರಿ."

"ಮತ್ತ ಯಾರು?"

"ಅದನ್ನ ನಾ ಹೇಳಂಗಿಲ್ರಿ."

ನನಗೆ ಮೈಯೆಲ್ಲ ಉರಿಯಿತು. ಅಮೃತಮ್ಮ ಸುಮ್ಮನೆ ತಲೆಯಾಡಿಸಿ, ಸಭೆಗೆ ಬಂದು ಕುಳಿತಿದ್ದ ಐದಾರು ವಿದ್ಯಾರ್ಥಿಗಳಲ್ಲಿ ಕ್ಲಬ್ಬಿನ ಅಧ್ಯಕ್ಷ ಮನ್ಸೂರಅಲಿಯತ್ತ ತಿರುಗಿದರು.

"ಮೀಟಿಂಗ್ ಹೆಂಗ ನಡಸ್ತೀಪಾ?"

"ನಾ ಕುಂತು ತೋರಸ್ತೀನ್ರಿ. ಉಳಿದವ್ರು ಹಿಂದ ನಿಂತು ನೋಡ್ತಾರ."

"ಅವ್ರು ಯಾವಾಗ ಮುಟ್ಟತಾರ?"

"ಟೈಮ್ ಉಳಿದ್ರ… ಉಳಿಯಂಗಿಲ್ರಿ. ಪಂಪಣ್ಣನ ಮ್ಯಾಲ ನನಗ ಡೌಟ್ ಐತ್ರಿ. ಹೋದ ವಾರ ಜಗಳ ತಗದಿದ್ದ."

ಪಂಪಣ್ಣ ಪೇಟೆಯ ಬಟ್ಟೆ ಅಂಗಡಿಯವರ ಹುಡುಗ. "ಜಗಳ ಮಾಡೀನಿ, ಹೌದ್ರಿ," ಎಂದ. "ಮಾರಿ ಮ್ಯಾಲೇ ಬೈದೀನಿ. ಕದಿಯೋದು ಯಾಕ್ರಿ?"

"ಸರ್, ಮೇಜಿನ ಮ್ಯಾಲ ಏನರ ಇತ್ತೇನ್ರಿ?" ಎಂದು ಅಮೃತಮ್ಮ ನನ್ನನ್ನು ಕೇಳಿದರು.

"ಏನಿಲ್ರಿ. ಒಂದು ಬೇವಿನ ಎಸಳು. ಕಸ."

ಅಮೃತಮ್ಮ ಬುಟ್ಟಿಗೆ ಕೈ ಹಾಕಿ ಅದನ್ನು ತೆಗೆದರು.

"ಕಿಟಕಿ ಮುಚ್ಚಿದ ಕ್ವಾಣ್ಯಾಗ ಇದು ಹೆಂಗ ಬಂತ್ರಿ ಸರ್? ನಂದು ಕಾಲುವಿ ಕೊನೀ ಊರು. ಮ್ಯಾಲಿನವ್ರು ಪಾಳಿ ಮುಗುದ್ರೂ ನೀರು ಬಿಡ್ಲಿಲ್ಲಂದ್ರ ನಮ್ಮವ್ರು ತೂಬಿನ ಹಿಡಿಕಿ ಬಿಚ್ಚಿ, ಎರಡೂ ಕಡಿ ಸೇರದವ್ರ ಕೈಯಾಗ ಕೊಡ್ತಾರ. ಕಳವಲ್ಲ ಅಂತ ತಿಳೀಲಿಕ್ಕೆ ಆ ಜಾಗದಾಗ ಬೇವು ಇಡ್ತಾರ. ಹಿಡಿಕಿ ಇಟ್ಟುಕೊಂಡವ್ರು ಹೆಸರು ಹೇಳಂಗಿಲ್ಲ, ಪಾಳಿ ಒಪ್ಪೋ ತನಕ ಹಿಡಿಕಿ ಕೊಡಂಗಿಲ್ಲ. ಹುಲಗಪ್ಪ ಗೊತ್ತಿಲ್ಲ ಅಂದ್ರೇನು? ಹೇಳಂಗಿಲ್ಲ ಅಂದ್ರು. ಕೀಬೋರ್ಡ್ ಅವರ ಹತ್ರ ಐತಿ. ಕೊಟ್ಟಾಕಿ? ಕ್ಲಬ್ಬಿನಾಗ ನಮ್ಮ ಕಡಿಯಾಕಿ ಒಬ್ಬಾಕೀನ. ಮರಿಲಿಂಗಮ್ಮ."

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು.

"ಹೌದ್ರಿ. ವರ್ಷಾತು ಬರಾಕತ್ತೀನಿ, ಒಂದು ಅಕ್ಷರ ಒತ್ತಿಲ್ರಿ. ನೋಡಿ ನೋಡಿ ಬ್ಯಾಸತ್ತು ಎಲ್ಲಾರೂ ಬಿಟ್ರು. ಇದು ಮುಚ್ಚಿದ್ರ ನನಗ ಮತ್ತೆಲ್ಲಿ ಕಂಪ್ಯೂಟರ್ ಸಿಗಬೇಕ್ರಿ?"

ನನಗೆ ನಾಚಿಕೆಯಾಯಿತು.

ಹುಲಗಪ್ಪ ತನ್ನ ಕೋಣೆಯಿಂದ ಕೀಬೋರ್ಡ್ ತಂದ. ಆದರೆ ಕೊಡಲಿಲ್ಲ.

"ಪಾಳಿ ಹಚ್ಚತೀರೇನ್ರಿ?"

ಮನ್ಸೂರಅಲಿ ಎದ್ದು ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಹಿಂದಿನ ಬೆಂಚಿನತ್ತ ತಿರುಗಿಸಿದ. "ಹಚ್ಚತೀವ್ರಿ. ಯಾರಿಂದ?"

"ಕೊನೀಯಿಂದ," ಎಂದರು ಅಮೃತಮ್ಮ.

ಇವತ್ತು ಎಲ್ಲರೂ ಮುಟ್ಟಬಹುದೆಂದು ಪಂಪಣ್ಣ ಹಾಸ್ಟೆಲಿಗೆ ಹೋಗಿ ಸಾರಿದ. ಸಂಜೆ ಪ್ರಿನ್ಸಿಪಾಲರು ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಮರಿಲಿಂಗಮ್ಮ ಒಂದೇ ಬೆರಳಿನಿಂದ ತನ್ನ ಹೆಸರು ಹೊಡೆಯುತ್ತಿದ್ದಳು.

"ಅಧ್ಯಕ್ಷ ಎಲ್ಲಿ?" ಎಂದು ಅವರು ಕೇಳಿದರು.

ಮನ್ಸೂರಅಲಿ ವರಾಂಡದಲ್ಲಿ, ಪಾಳಿಯ ತುದಿಯಲ್ಲಿ ನಿಂತಿದ್ದ. ಅವನ ಮುಂದೆ ನಾನಿದ್ದೆ.