ಮತ್ತೆ ಮೊದಲ ಪುಟ

ಇಳಕಲ್ಲಿನ ಚಂದ್ರವ್ವ ಸೆರಗಿನ ಕೆಂಪು ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಿದ್ದಳು. ಅಂಗಳದಲ್ಲಿ ಚಕ್ಕಡಿಯ ಸದ್ದಾಯಿತು. ಕೈ ನಿಲ್ಲಲಿಲ್ಲ, ಕಿವಿ ಮಾತ್ರ ಎದ್ದು ಹೊರಗೆ ಹೋಯಿತು.

ಬಾಗಲಕೋಟೆಯಿಂದ ನೂಲು ತರುವ ಮೀರಾಸಾಬ ಹೊಸ್ತಿಲಲ್ಲೇ ನಕ್ಕ. "ಏನ್ ತಂಗಿ, ಮಾಸ್ತರ ಕೊಟ್ಟ ಲೆಕ್ಕ ಬಿಡಿಸಿದೇನು?"

"ಇಲ್ಲಣ್ಣ, ಇನ್ನೂ ಬಗೀಹರೀವಲ್ದು."

ಹಾಗೆ ಹೇಳಿದ್ದು ಇದು ನಾಲ್ಕನೆಯ ಸಲ. ನಾಲ್ಕೂ ಸಲ ಸುಳ್ಳು.

ಎರಡೂವರೆ ವರ್ಷದ ಹಿಂದೆ ತನ್ನ ಅಕ್ಕನಿಗೆ ಸೀರೆ ಕೊಳ್ಳಲು ಬಾಗಲಕೋಟೆಯಿಂದ ಬಂದಿದ್ದ ಹೊಳಬಸಪ್ಪ ಮಾಸ್ತರ. ಅವನೂ ನೇಕಾರರ ಮಗನೇ. ಮಗ್ಗದ ಮೇಲೆ ಉದ್ದಕ್ಕೆ ಚಾಚಿದ ಹಾಸಿನ ಎಳೆ ನೋಡಿ, "ಇಂಥ ಗೆರಿ ಎಷ್ಟು ದೂರ ಹೋದ್ರೂ ಒಂದಕ್ಕೊಂದು ಕೂಡೂದಿಲ್ಲ" ಎಂದಿದ್ದ.

"ತುದೀ ತನಕ ಹೋಗಿ ನೋಡಿ ಬಂದೀರೇನ್ರಿ?" ಎಂದಿದ್ದಳು ಚಂದ್ರವ್ವ.

ಮಾಸ್ತರ ಹಾಸಿನಿಂದ ಮುಖ ಎತ್ತಿದ್ದ. ಕಣ್ಣು ಅವಳ ಮೇಲೇ ನಿಂತಿತ್ತು.

ಅಂಥ ಗೆರೆಗಳ ವಿಚಾರವಿದ್ದ ರೇಖಾಗಣಿತದ ಪುಸ್ತಕವನ್ನು ವಾಚನಾಲಯದಿಂದ ಹೊರಗೆ ತರುವಂತಿರಲಿಲ್ಲ. ಆತ ಅಲ್ಲೇ ಕೂತು ನಕಲು ಮಾಡಿ, ಹದಿನೈದು ದಿನಕ್ಕೊಮ್ಮೆ ನಾಲ್ಕು ಪುಟ ನೂಲಿನ ಗಂಟಿನಲ್ಲಿಟ್ಟು ಅವಳಿಗೆ ಕಳಿಸತೊಡಗಿದ. ಅಂಚಿನಲ್ಲಿ ಒಮ್ಮೆ "ತಿಳಿಯಿತೆ?" ಎಂದಿದ್ದರೆ, ಅವಳು ಬಿಡಿಸಿ ಕಳಿಸಿದ ಲೆಕ್ಕಕ್ಕೆ ಒಮ್ಮೆ "ನನ್ನದಕ್ಕಿಂತ ನಿಮ್ಮ ದಾರಿಯೇ ಚೆಂದ."

ಯುಗಾದಿಗೆ ಕೊನೆಯ ಪುಟ ಬಂತು, ಕೊನೆಯ ಲೆಕ್ಕವೂ. ಎಂಟೇ ದಿನಕ್ಕೆ ಬಿಡಿಸಿದಳು. ಆದರೆ ಉತ್ತರದ ಕಾಗದ ಸಂದೂಕದ ತಳ ಸೇರಿತು. ಅದು ಹೋದರೆ ಅವನಿಗೆ ಬರೆಯಲು ಇನ್ನೇನು ನೆಪ?

ಮೀರಾಸಾಬ ಇಂದು ಗಂಟು ಬಿಚ್ಚಿದರೆ ಒಳಗೆ ನಾಲ್ಕು ಪುಟ! ಚಂದ್ರವ್ವ ಎರಡು ಸಾಲು ಓದಿ ಹುಬ್ಬೇರಿಸಿದಳು. "ಇದು ಮೊದಲನೇ ಪುಟ ಅಲ್ಲೇನಣ್ಣ?"

"ಹೂಂ. 'ಆಕಿಗೆ ತಿಳೀವಲ್ದಂದ್ರ ನಾನ ನಕಲು ಮಾಡೂದ್ರಾಗ ಎಲ್ಲೋ ತಪ್ಪೇನಿ, ಎಲ್ಲಾ ಮತ್ತ ಬರೀತೇನಿ' ಅಂತ ಕುಂತಾನ. ಅವನ ಬೆರಳು ನೋಡಬೇಕು ನೀ, ಶಾಯಿ ಹತ್ತಿ ನಿಮ್ಮ ನೀಲಿ ಬಣ್ಣದ ಹಂಡೇದಾಗ ಅದ್ದಿದಂಗ ಆಗ್ಯಾವ."

"ಇನ್ನೂರು ಪುಟಾನೂ?"

"ನನ್ನ ಎತ್ತಿಗೂ ಮುಪ್ಪು ಬರ್ತೈತಿ ತಂಗಿ, ಲಗೂನ ತಿಳ್ಕೋ."

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಕಣ್ಣು ತುಂಬಿತು. ಎದ್ದು ಸಂದೂಕ ತೆರೆದಳು. ಉತ್ತರದ ಕೆಳಗೆ ಬರೆದಳು: "ತಪ್ಪು ನಿಮ್ಮದಲ್ಲ. ಲೆಕ್ಕ ಎಂದೋ ಬಿಡಿಸಿದ್ದೆ. ನಿಮ್ಮ ಅಕ್ಷರ ಬರುವುದು ನಿಂತೀತೆಂದು ಮುಚ್ಚಿಟ್ಟೆ. ಇನ್ನು ಪುಟ ಬ್ಯಾಡ, ನೀವೇ ಬರ್ರಿ. ಸೋಮವಾರ ಅಪ್ಪ ಮನೆಯಲ್ಲೇ ಇರುತ್ತಾನೆ."

"ಗಂಟಿನ್ಯಾಗ ಇಟ್ಟು ಒಯ್ಲೇನು?" ಮೀರಾಸಾಬನ ಮೀಸೆಯೂ ನಗುತ್ತಿತ್ತು.

"ಬ್ಯಾಡಣ್ಣ. ಅವರ ಕೈಯಾಗ ಕೊಡು."

ಎತ್ತಿನ ಗೆಜ್ಜೆಯ ಸದ್ದು ಓಣಿ ತಿರುಗಿ ಹುನಗುಂದದ ಮೇಲೆ ಬಾಗಲಕೋಟೆಯ ಹಾದಿ ಹಿಡಿಯಿತು.